ಕಡಿದಾದ ಛಾವಣಿಯಲ್ಲಿ ಹಗ್ಗದ ಸಡಿಲ: ನನ್ನ ಅನುಭವ

ಹಾರ್ನೆಸ್ (ಮೈಗೆ ಬಿಗಿಯುವ ಸುರಕ್ಷತಾ ಪಟ್ಟಿಗಳು) ತೊಟ್ಟಾಯಿತು, ಹಗ್ಗ ಕಟ್ಟಿಯಾಯಿತು, ಇನ್ನು ಭಯವಿಲ್ಲ ಎಂದು ಛಾವಣಿ ಕೆಲಸದವರು ಹೇಳುವುದನ್ನು ಮತ್ತೆ ಮತ್ತೆ ಕೇಳಿದ್ದೇನೆ. ನನ್ನ ಜೊತೆ ಹೊಸದಾಗಿ ಮೇಲೇರುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಬೇರೆ: ನಿನ್ನ ಹಗ್ಗದಲ್ಲಿ ಸಡಿಲ ಎಷ್ಟಿದೆ? ಜಾರಿದವನು ಸೂರಂಚಿಗೆ ಮುಂಚೆಯೇ ನಿಲ್ಲುತ್ತಾನೋ, ಅಂಚು ದಾಟಿ ನೇತಾಡುತ್ತಾನೋ, ನೆಲವನ್ನೇ ಮುಟ್ಟುತ್ತಾನೋ ಎಂಬುದು ಆ ಸಡಿಲದ ಮೇಲೆ ನಿಂತಿದೆ.

ಲೆಕ್ಕ ಸರಳವಾಗಿದೆ. ಹಾರ್ನೆಸ್ಸಿಗೆ ಕಟ್ಟುವ ಸಾಮಾನ್ಯ ಲ್ಯಾನ್ಯಾರ್ಡ್, ಅಂದರೆ ಜೋಡಣೆಯ ಗಿಡ್ಡ ಹಗ್ಗ, 1.8 ಮೀಟರ್ ಉದ್ದವಿರುತ್ತದೆ. ಬಿದ್ದಾಗ ಅದರ ಆಘಾತ ತಡೆಯುವ ಭಾಗ ಬಿಚ್ಚಿಕೊಂಡು ಸುಮಾರು 1 ಮೀಟರ್ ಹಿಗ್ಗುತ್ತದೆ. ಲ್ಯಾನ್ಯಾರ್ಡ್ ಸಿಕ್ಕಿಸುವ, ಬೆನ್ನ ಮೇಲಿನ ಲೋಹದ ಡಿ-ರಿಂಗಿನಿಂದ ಪಾದದವರೆಗೆ 1.5 ಮೀಟರ್. ಕೂಡಿಸಿದರೆ 4 ಮೀಟರ್ ದಾಟಿತು. ಒಂದಂತಸ್ತಿನ ಮನೆಯ ಸೂರು ನೆಲದಿಂದ 3 ಮೀಟರ್ ಎತ್ತರದಲ್ಲಿದ್ದು, ಹಗ್ಗವನ್ನೂ ಅಲ್ಲೇ ಅಂಚಿನ ಬಳಿ ಕಟ್ಟಿದ್ದರೆ, ಎಲ್ಲ ಸಲಕರಣೆ ಸರಿಯಾಗಿಯೇ ಕೆಲಸ ಮಾಡಿದರೂ ಕಾಲು ನೆಲಕ್ಕೆ ಬಡಿಯುತ್ತದೆ. ಆದ್ದರಿಂದ ಬಿದ್ದವನನ್ನು ಹಿಡಿಯುವ ಹಗ್ಗಕ್ಕಿಂತ ಅಂಚಿಗೇ ಹೋಗಗೊಡದ ಹಗ್ಗವನ್ನು ನಾನು ನಂಬುತ್ತೇನೆ. ಛಾವಣಿಯ ನೆತ್ತಿಯಲ್ಲಿ ಹಗ್ಗ ಕಟ್ಟುವ ಗಟ್ಟಿ ಆಧಾರ, ಅಲ್ಲಿಂದ ಕೆಳಕ್ಕೆ ಜೀವರಕ್ಷಕ ಹಗ್ಗ, ಅದರ ಮೇಲೆ ಬೇಕಾದಲ್ಲಿಗೆ ಸರಿಸಬಹುದಾದ, ಜಗ್ಗಿದರೆ ಹಗ್ಗವನ್ನು ಕಚ್ಚಿ ನಿಲ್ಲುವ ರೋಪ್ ಗ್ರ್ಯಾಬ್, ಅದಕ್ಕೂ ಹಾರ್ನೆಸ್ಸಿಗೂ ನಡುವೆ ತೀರಾ ಚಿಕ್ಕ ಲ್ಯಾನ್ಯಾರ್ಡ್. ನಾಲ್ಕು ಹೆಜ್ಜೆ ಮೇಲೆ ಹೋದರೆ ಗ್ರ್ಯಾಬನ್ನು ಅಷ್ಟೇ ಮೇಲಕ್ಕೆ ತಳ್ಳುತ್ತೇನೆ. ಈ ಕೆಲಸ ಬೇಸರ ತರಿಸುತ್ತದೆ, ನಿಜ. ಆದರೆ ಇದನ್ನು ಬಿಟ್ಟ ಕ್ಷಣದಿಂದ ಹಗ್ಗ ಹೆಸರಿಗಷ್ಟೇ ಇರುತ್ತದೆ. ಗ್ರ್ಯಾಬಿನ ಮೇಲಿರುವ ಬಾಣದ ಗುರುತು ಆಧಾರದ ಕಡೆಗೆ ಇರಬೇಕು. ತಲೆಕೆಳಗಾದರೆ ಅದು ಹಗ್ಗವನ್ನು ಕಚ್ಚುವುದಿಲ್ಲ. ಪ್ರತಿ ಸಲವೂ ಜಗ್ಗಿ ನೋಡುತ್ತೇನೆ.

ಆಧಾರದ ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳು ಒಬ್ಬೊಬ್ಬರಿಗೆ 5,000 ಪೌಂಡ್, ಅಂದರೆ ಸುಮಾರು 2,270 ಕಿಲೋ ತಡೆಯುವ ಆಧಾರವನ್ನು ಕೇಳುತ್ತವೆ. ಒಬ್ಬ ಮನುಷ್ಯನಿಗೆ ಅಷ್ಟೇಕೆ ಎನ್ನುವವರಿದ್ದಾರೆ. ಬೀಳುತ್ತಿರುವ ದೇಹವನ್ನು ಥಟ್ಟನೆ ನಿಲ್ಲಿಸುವಾಗ ಹಗ್ಗದ ಮೇಲೆ ಬರುವ ಎಳೆತ ತೂಕದ ಹಲವು ಪಟ್ಟು ಇರುತ್ತದೆ. ಚಿಮಣಿ, ನೀರಿನ ಪೈಪು, ಸೂರಿನ ದೋಣಿ, ರೀಪು ಇವು ಯಾವುವೂ ಆಧಾರಗಳಲ್ಲ. ಹೆಂಚಿನ ಮಾಡಾದರೆ ನಾನು ಒಳಗಿನಿಂದ ಅಟ್ಟಕ್ಕೆ ಹತ್ತಿ, ನೆತ್ತಿಯ ಹತ್ತಿರ ನಾಲ್ಕಾರು ಹೆಂಚು ಸರಿಸಿ, ಗಟ್ಟಿಯಾದ ತೊಲೆಗೆ ಪಟ್ಟಿ ಸುತ್ತಿ ಅದರ ಕೊಕ್ಕೆಯನ್ನು ಹೊರಗೆ ತರುತ್ತೇನೆ. ಹೀಗೆ ಮಾಡಿದರೆ ಆಧಾರ ಹಾಕಲೆಂದೇ ಹಗ್ಗವಿಲ್ಲದೆ ಮೇಲೇರುವ ಪ್ರಸಂಗ ಬರುವುದಿಲ್ಲ. ತೊಲೆಯನ್ನು ಮೊದಲು ಉಳಿಯಿಂದ ಚುಚ್ಚಿ ನೋಡಬೇಕು. ಗೆದ್ದಲು ಒಳಗೆ ತಿಂದು ಹೊರಮೈಯನ್ನು ಹಾಗೆಯೇ ಬಿಟ್ಟಿರುತ್ತದೆ. ಅಟ್ಟದ ದಾರಿ ಇಲ್ಲದಿದ್ದರೆ ನೆತ್ತಿಯ ಮೇಲಿನಿಂದ ಹಗ್ಗವನ್ನು ಆಚೆ ಬದಿಗೆ ಎಸೆದು, ಅಲ್ಲಿ ಗಟ್ಟಿಯಾದ ಕಂಬಕ್ಕೋ ದೊಡ್ಡ ಮರಕ್ಕೋ ಕಟ್ಟಿಸುತ್ತೇನೆ. ನೆತ್ತಿಗೆ ಉಜ್ಜುವಲ್ಲಿ ಹಗ್ಗಕ್ಕೆ ದಪ್ಪ ಹೊದಿಕೆ ಬೇಕೇ ಬೇಕು. ನಿಲ್ಲಿಸಿದ ವಾಹನಕ್ಕೆ ಮಾತ್ರ ಕಟ್ಟುವುದಿಲ್ಲ. ಯಾರಾದರೂ ತಿಳಿಯದೆ ಅದನ್ನು ಚಾಲೂ ಮಾಡಿದರೆ ಮೇಲಿರುವವನ ಗತಿಯೇನು?

ಜನ ಸುಲಭವಾಗಿ ಮರೆಯುವುದು ಅಡ್ಡ ಸರಿಯುವ ಅಪಾಯವನ್ನು. ಆಧಾರದಿಂದ ನೇರ ಕೆಳಗೆ 6 ಮೀಟರಿನಲ್ಲಿ ನಿಂತಿದ್ದೇನೆ, ಸೂರಂಚು 6.5 ಮೀಟರಿನಲ್ಲಿದೆ ಎಂದುಕೊಳ್ಳಿ. ಅಲ್ಲಿಂದ 3.5 ಮೀಟರ್ ಪಕ್ಕಕ್ಕೆ ಹೋದರೆ ಹಗ್ಗ ಸುಮಾರು 30 ಡಿಗ್ರಿ ಓರೆಯಾಗುತ್ತದೆ, ಬಿಟ್ಟ ಉದ್ದ ಸುಮಾರು 7 ಮೀಟರ್ ಆಗುತ್ತದೆ. ಅಲ್ಲಿ ಜಾರಿದರೆ ಗಡಿಯಾರದ ಲೋಲಕದ ಹಾಗೆ ತೂಗಿ ಆಧಾರದ ನೇರಕ್ಕೆ ಬರುತ್ತೇನೆ. ಆಗ 7 ಮೀಟರ್ ಹಗ್ಗ ನನ್ನನ್ನು ಅಂಚಿನಾಚೆ ಇಳಿಸಿಬಿಟ್ಟಿರುತ್ತದೆ. ಪಕ್ಕದ ಕೊನೆಯಲ್ಲಿ ಕೆಲಸವಿದ್ದರೆ ಅದರ ನೇರಕ್ಕೆ ಇನ್ನೊಂದು ಆಧಾರ ಹಾಕುತ್ತೇನೆ. ಎರಡನೆಯದಕ್ಕೆ ಕೊಕ್ಕೆ ಸಿಕ್ಕಿಸಿದ ಮೇಲೆಯೇ ಮೊದಲನೆಯದನ್ನು ಬಿಚ್ಚುವುದು.

ಏಣಿಯಿಂದ ಛಾವಣಿಗೆ ಕಾಲಿಡುವ ಜಾಗ ನನಗೆ ಇಂದಿಗೂ ಅತಿ ಎಚ್ಚರದ ಜಾಗ. 4 ಅಡಿ ಎತ್ತರಕ್ಕೆ ಬುಡ 1 ಅಡಿ ದೂರ, ಅಂಚಿನಿಂದ 3 ಅಡಿ ಮೇಲಕ್ಕೆ ಏಣಿಯ ತುದಿ, ಮೇಲೂ ಕೆಳಗೂ ಬಿಗಿದ ಕಟ್ಟು. ಹಗ್ಗದ ತುದಿ ಏಣಿಯ ಬಳಿಯೇ ಇಳಿಬಿದ್ದಿರುತ್ತದೆ. ಏಣಿಯ ಮೇಲೆ ನಿಂತೇ ಸಿಕ್ಕಿಸಿಕೊಳ್ಳುತ್ತೇನೆ, ಇಳಿಯುವಾಗಲೂ ಏಣಿ ಹಿಡಿದ ಮೇಲೆಯೇ ಬಿಚ್ಚುತ್ತೇನೆ. ಕೈಯಲ್ಲಿ ಏನನ್ನೂ ಹಿಡಿದು ಹತ್ತುವುದಿಲ್ಲ. ಸಾಮಾನು ಬೇರೆ ಹಗ್ಗದಲ್ಲಿ ಬರಲಿ.

ಛಾವಣಿಯ ಮೇಲೆ ನೇರವಾಗಿ ಮೈಭಾರ ಹಾಕುವುದೂ ಕಡಿಮೆ. ನೆತ್ತಿಗೆ ಕೊಕ್ಕೆ ಹಾಕಿ ಮಲಗಿಸುವ ಛಾವಣಿ ಏಣಿಯ ಮೇಲೆ ನಿಂತು ಕೆಲಸ ಮಾಡುತ್ತೇನೆ. ಹಳೆಯ ಸಿಮೆಂಟ್ ಶೀಟು, ಬೆಳಕಿಗೆಂದು ಹಾಕಿದ ಪ್ಲಾಸ್ಟಿಕ್ ಶೀಟು ಇವನ್ನು ನಾನು ತೆರೆದ ರಂಧ್ರ ಎಂದೇ ಎಣಿಸುತ್ತೇನೆ. ಮೊಳೆಯ ಸಾಲಿನ ಮೇಲೆ ಕಾಲಿಟ್ಟರೆ ಸಾಕು ಎಂಬ ಮಾತನ್ನು ನಂಬಬೇಡಿ. ಪಾಚಿ, ಇಬ್ಬನಿ, ಮರದ ಪುಡಿ ಯಾವುದಿದ್ದರೂ ಮೊದಲು ಶುಚಿ ಮಾಡಿ ಒಣಗಿಸುತ್ತೇನೆ. ಗಾಳಿ ಎದ್ದ ದಿನ ತಗಡಿನ ಶೀಟು ಎತ್ತುವುದಿಲ್ಲ, ಅದು ಹಿಡಿದವನನ್ನೇ ಎಳೆದೊಯ್ಯುತ್ತದೆ.

ಒಬ್ಬನೇ ಎಂದೂ ಹತ್ತುವುದಿಲ್ಲ. ಹಾರ್ನೆಸ್ಸಿನಲ್ಲಿ ಅಲುಗಾಡದೆ ನೇತಾಡುವವನ ಕಾಲುಗಳಲ್ಲಿ ರಕ್ತ ಇಳಿದು ನಿಲ್ಲುತ್ತದೆ, ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು, ಜೀವಕ್ಕೇ ಕುತ್ತಾಗಬಹುದು. ಅವನನ್ನು ಇಳಿಸುವುದು ಹೇಗೆ, ಯಾವ ಏಣಿ, ಯಾರು ಹತ್ತಬೇಕು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಮಾತನಾಡಿಕೊಳ್ಳುತ್ತೇವೆ. ಕಾಲೂರಿ ಎದ್ದು ನಿಲ್ಲಲು ಬರುವಂತೆ ಎರಡು ಪಟ್ಟಿಯ ಕುಣಿಕೆಗಳನ್ನು ಹಾರ್ನೆಸ್ಸಿಗೆ ಸಿಕ್ಕಿಸಿಟ್ಟಿರುತ್ತೇನೆ. ಒಮ್ಮೆ ಬಿದ್ದವನನ್ನು ತಡೆದ ಹಾರ್ನೆಸ್, ಲ್ಯಾನ್ಯಾರ್ಡ್‌ಗಳು ನೋಡಲು ಹೊಸದರಂತಿದ್ದರೂ ಮತ್ತೆ ಬಳಕೆಗೆ ಬರುವುದಿಲ್ಲ. ಬೇರೆ ಯಾರೂ ತೊಡದಂತೆ ಅವನ್ನು ಅಂದೇ ಕತ್ತರಿಸಿ ಹಾಕಿಬಿಡುತ್ತೇವೆ.