ಚಿಪ್ಪಿ ಸಾಯುವುದನ್ನು ಎಣಿಸಿದ ಮೂರು ವರ್ಷ

"ಚಿಪ್ಪಿ ಸಾಯೋದನ್ನ ಎಣಿಸೋಕೂ ಒಂದು ಪ್ರಾಜೆಕ್ಟ್ ಬೇಕಾ?" ಅಂತ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ್ದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ. ಮೊನ್ನೆ ಅವರೇ ಫೋನ್ ಮಾಡಿ ನನ್ನ ಎಕ್ಸೆಲ್ ಶೀಟ್ ಕೇಳಿದರು. ಅದಕ್ಕೇ ಈ ಬರಹ.

ಕಡಲಿನ ಯಾವ ಜಾಗ ಎಷ್ಟು ಕೆಟ್ಟಿದೆ ಅಂತ ಚಿಪ್ಪಿಯಿಂದ ತಿಳಿಯುವ ಕೆಲಸ ನನ್ನದು. ವಿಧಾನದ ಹೆಸರು ಸ್ಟ್ರೆಸ್ ಆನ್ ಸ್ಟ್ರೆಸ್, ಸುಸ್ತಿನ ಮೇಲೆ ಇನ್ನೊಂದು ಸುಸ್ತು. ನೀಲಿಕಲ್ಲನ್ನು, ಅಂದರೆ ಬಂಡೆಗೆ ಅಂಟಿ ಬೆಳೆಯುವ ಮಸಲ್ ಚಿಪ್ಪಿಯನ್ನು, ನೀರಿನಿಂದ ತೆಗೆದು ಗಾಳಿಯಲ್ಲಿಟ್ಟು ದಿನಕ್ಕೆಷ್ಟು ಸಾಯುತ್ತವೆ ಅಂತ ಎಣಿಸುವುದು. ಸಮುದ್ರದಲ್ಲೇ ಸುಸ್ತಾಗಿ ಬಂದದ್ದು ಬೇಗ ಸಾಯುತ್ತದೆ. ಅರ್ಧ ಸಾಯಲು 10 ದಿನ ದಾಟಿದರೆ ಚೆನ್ನಾಗಿದೆ, 5 ದಿನದೊಳಗೆ ಮುಗಿದರೆ ಆ ಜಾಗದ ಕಥೆ ಕೆಟ್ಟಿದೆ. ಇದು ಈಶಾನ್ಯ ಅಟ್ಲಾಂಟಿಕ್ ಕಡಲನ್ನು ಕಾಯುವ ದೇಶಗಳ ಒಕ್ಕೂಟ ಓಸ್ಪಾರ್‌ನವರ ಅಳತೆ. ನಾನು ಬಳಸಿದ್ದೂ ಅವರು ಅಳೆದ ಮೈಟಿಲಸ್ ಕುಲದ ನೀಲಿಕಲ್ಲೇ ಆದ್ದರಿಂದ ಅದೇ ಅಳತೆ ಸಾಕಾಯಿತು.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ ದುಡ್ಡನ್ನು ಲ್ಯಾಬಿಗೆ ಸುರಿದೆ. 1975ರಲ್ಲಿ ಅಮೆರಿಕದ ಸಮುದ್ರ ರಸಾಯನ ವಿಜ್ಞಾನಿ ಗೋಲ್ಡ್‌ಬರ್ಗ್ ಮಸಲ್ ವಾಚ್ (ಚಿಪ್ಪಿ ನೋಡಿ ಕಡಲ ಮಾಲಿನ್ಯದ ಮೇಲೆ ಕಣ್ಣಿಡುವುದು) ಮಾಡೋಣ ಅಂದಾಗಿನಿಂದ ಚಿಪ್ಪಿ ಅಂದರೆ ಮಾಂಸ ಅರೆದು ಲೋಹ ನೋಡುವುದು ಅಂತಲೇ ನಮ್ಮ ತಲೆಯಲ್ಲಿ ಕೂತಿದೆ, ಅಲ್ವಾ? ಬಜೆಟ್‌ನ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಬಂದ ರಿಪೋರ್ಟ್‌ನಲ್ಲಿ ಕೊಳಚೆ ಕೊಳವೆಯ ಬಾಯಿಗೂ ಸ್ವಚ್ಛ ಜಾಗಕ್ಕೂ ಸತು, ತಾಮ್ರ ಎರಡೂ ಹೆಚ್ಚು ಕಡಿಮೆ ಒಂದೇ. ಈ ಎರಡನ್ನೂ ನೀಲಿಕಲ್ಲು ತನ್ನ ಮೈಯೊಳಗೆ ಸ್ವಲ್ಪ ಹಿಡಿತದಲ್ಲಿ ಇಟ್ಟುಕೊಳ್ಳುತ್ತದೆ. ಅದು ಗೊತ್ತಿದ್ದೂ ಕೊಟ್ಟೆ. ದಡ್ಡತನಕ್ಕೂ ಬಿಲ್ ಬರುತ್ತದೆ.

ಉಳಿದ ಚಿಲ್ಲರೆಯಲ್ಲಿ ಗಾಳಿಯ ಪರೀಕ್ಷೆ ಮಾಡಿದೆ. ಮೊದಲ ವರ್ಷ ಫಲಿತಾಂಶ ತಲೆಕೆಳಗಾಗಿ ಬಂತು. ಬಂದರಿನ ಎಣ್ಣೆ ನೀರಿನ ಚಿಪ್ಪಿಗಳು 12 ದಿನ ಬದುಕಿದವು, ಸ್ವಚ್ಛ ಜಾಗದವು ಏಳಕ್ಕೇ ಬಾಯಿ ಬಿಟ್ಟವು. ಸಭೆಯ ನಗು ಆಗಿನದ್ದು. ನಾಲ್ಕು ತಿಂಗಳು ತಲೆ ಕೆಡಿಸಿಕೊಂಡೆ. ಆಮೇಲೆ ಒಂದು ದಿನ ಇಳಿತದ ಹೊತ್ತಿಗೆ ಬಂದರಿನ ಗೋಡೆಯ ಹತ್ತಿರ ಸುಮ್ನೆ ನಿಂತಿದ್ದಾಗ ಹೊಳೆಯಿತು. ನಾನು ಕೆರೆದು ತಂದ ಚಿಪ್ಪಿಗಳೆಲ್ಲ ಗೋಡೆಯ ಮೇಲ್ಭಾಗದವು. ದಿನಕ್ಕೆರಡು ಸಲ ಗಂಟೆಗಟ್ಟಲೆ ಒಣಗಿ ಗಾಳಿಗೆ ಪಳಗಿದವು. ಸ್ವಚ್ಛ ಜಾಗದವನ್ನು ತಂದಿದ್ದು ಸದಾ ನೀರೊಳಗೆ ಇರುವ ಹಗ್ಗದಿಂದ. ಮಾಲಿನ್ಯ ಅಳೆಯಲು ಹೋಗಿ ಅಭ್ಯಾಸ ಅಳೆದಿದ್ದೆ!

ಎರಡನೇ ವರ್ಷ ಎಲ್ಲವನ್ನೂ ಒಂದೇ ಹಗ್ಗದಿಂದ ತಂದೆ. 45ರಿಂದ 55 ಮಿಲಿಮೀಟರ್ ಉದ್ದದವನ್ನು ಆರಿಸಿ ಪಂಜರಕ್ಕೆ ಸುಮಾರು 60 ಹಾಕಿ, ನಾಲ್ಕು ಜಾಗದಲ್ಲಿ ಒಂದೇ ಆಳಕ್ಕೆ ಇಳಿಬಿಟ್ಟೆ. ಆರು ವಾರದ ಲೆಕ್ಕ. ಎರಡು ಪಂಜರ ಮೂರನೇ ವಾರಕ್ಕೇ ಮಾಯ. ದೂರಕ್ಕೆ ಕಾಣಲಿ ಅಂತ ಪಂಜರದ ಗುರುತಿಗೆ ತೇಲಿಬಿಟ್ಟ ಬೋಯಾಗೆ ಕಿತ್ತಳೆ ಬಣ್ಣ ಬಳಿದಿದ್ದೆ, ಕಾಣಬಾರದವರಿಗೂ ಕಂಡಿತು. ಉಳಿದ ಎರಡನ್ನು ಎತ್ತುವ ವಾರವೇ ಚಿಪ್ಪಿಗಳು ಮೊಟ್ಟೆ ಬಿಟ್ಟಿದ್ದವು. ಒಳಗೆ ಮಾಂಸ ನೀರು ನೀರು. ಹೊಟ್ಟೆ ಬರಿದಾದ ಪ್ರಾಣಿ ಎಲ್ಲಿದ್ದರೂ ಬೇಗ ಸಾಯುತ್ತದೆ. ಆ ವರ್ಷದ ಅಂಕಿಗಳನ್ನು ಯಾರಿಗೂ ತೋರಿಸಿಲ್ಲ.

ಮಧ್ಯೆ ಬೇರೆ ಹುಚ್ಚುಗಳೂ ಹಿಡಿದವು. ಚಿಪ್ಪಿನ ಒಂದು ಕಡೆ ಪುಟ್ಟ ಅಯಸ್ಕಾಂತ, ಇನ್ನೊಂದು ಕಡೆ ಅದರ ದೂರ ಗುರುತಿಸುವ ಹಾಲ್ ಸೆನ್ಸರ್ ಅಂಟಿಸಿ ಬಾಯಿ ತೆರೆದು ಮುಚ್ಚುವುದನ್ನು ದಾಖಲಿಸಿದೆ. ಗ್ರಾಫ್ ಬಹಳ ಚೆಂದ. ಆದರೆ ದೋಣಿ ಹೋದರೂ ಮುಚ್ಚುತ್ತವೆ, ಏಡಿ ಮುಟ್ಟಿದರೂ ಮುಚ್ಚುತ್ತವೆ. ಬಂದರಿನ ಬಸವನ ಹುಳುಗಳನ್ನೂ ಒಡೆದು ನೋಡಿದೆ, ಹೆಣ್ಣಿಗೆ ಗಂಡಿನ ಅಂಗ ಬೆಳೆದಿದೆಯಾ ಅಂತ. ಹಾಗೆ ಮಾಡುವುದು ಟಿಬಿಟಿ, ಹಡಗಿನ ತಳಕ್ಕೆ ಜೀವಿಗಳು ಅಂಟದಂತೆ ಬಳಿಯುತ್ತಿದ್ದ ಬಣ್ಣದ ತವರದ ವಿಷ. ಆ ಬಣ್ಣದ ಮೇಲಿನ ನಿಷೇಧ ಜಾರಿಗೆ ಬಂದದ್ದು 2008ರಲ್ಲಿ. ಆದರೂ ಮೂವತ್ತರಲ್ಲಿ ಮೂರೋ ನಾಲ್ಕೋ ಸಿಕ್ಕವು. ತಳದ ಕೆಸರು ಅಷ್ಟು ಬೇಗ ಮರೆಯುವುದಿಲ್ಲ.

ಮೂರನೇ ವರ್ಷ ಕೆಲಸ ಕೈ ಹತ್ತಿತು. ಮೊಟ್ಟೆ ಬಿಡುವ ಕಾಲ ಮುಗಿದು ಮೈ ತುಂಬಿಕೊಂಡ ಮೇಲೆ ಪಂಜರ ಇಳಿಸಿದೆ. ಜಾಗಕ್ಕೆ 40 ಚಿಪ್ಪಿ, 18 ಡಿಗ್ರಿ ಕೋಣೆ, ಟ್ರೇಯ ತಳದಲ್ಲಿ ಒದ್ದೆ ಟಿಶ್ಯೂ, ಮೇಲೆ ಮುಚ್ಚಳ. ಮುಚ್ಚಳ ಯಾಕೆ ಅಂದರೆ ಹಿಂದೊಮ್ಮೆ ಎಸಿಯ ಗಾಳಿ ನೇರ ಬೀಳುತ್ತಿದ್ದ ಮೂಲೆಯವು ಮೊದಲು ಸತ್ತಿದ್ದವು. ದಿನಾ ಸಂಜೆ ಆರಕ್ಕೆ ಎಣಿಕೆ. ಬಾಯಿ ಬಿಟ್ಟದ್ದನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ಬಿಡುತ್ತೇನೆ. ಜೀವ ಇದ್ದರೆ ಬೆರಳಿನ ಕೆಳಗೆ ಸಣ್ಣದೊಂದು ಬಿಗಿ ಹತ್ತುತ್ತದೆ, ಚಿಪ್ಪು ನಿಧಾನಕ್ಕೆ ಸೇರಿಕೊಳ್ಳುತ್ತದೆ. ಸತ್ತದ್ದು ಬಿಟ್ಟ ಕೂಡಲೇ ಮತ್ತೆ ಅಗಲವಾಗುತ್ತದೆ. ಸತ್ತದ್ದನ್ನು ಆಗಲೇ ಎತ್ತಿ ಹಾಕಿ, ಇಲ್ಲದಿದ್ದರೆ ಮರುದಿನ ಕೋಣೆಗೆ ಕಾಲಿಡಲು ಆಗುವುದಿಲ್ಲ.

ಇಪ್ಪತ್ತನೆಯದು ಸತ್ತ ದಿನವೇ ಉತ್ತರ. ಸ್ವಚ್ಛ ಜಾಗ 11 ದಿನ, ಬಂದರು ಏಳೋ ಎಂಟೋ, ಕೊಳವೆಯ ಬಾಯಿ ಐದಕ್ಕಿಂತ ಸ್ವಲ್ಪ ಕಡಿಮೆ. ಕೊಳವೆಯ ಹತ್ತಿರದವು ನೋಡಲು ಎಲ್ಲಕ್ಕಿಂತ ದಪ್ಪ ಇದ್ದವು! ಕೊಳಚೆಯಲ್ಲಿ ತಿನ್ನಲು ಜಾಸ್ತಿ. ಬರೀ ತೂಕ ನೋಡಿದವರು ಅದನ್ನೇ ಒಳ್ಳೆಯ ಜಾಗ ಅಂದಿರುತ್ತಿದ್ದರು.

ಯಾರೂ ನಂಬುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೆ ಪಂಜರದಲ್ಲಿ ಉಳಿದವುಗಳ ರಕ್ತ ಎಳೆದು ನ್ಯೂಟ್ರಲ್ ರೆಡ್ ಪರೀಕ್ಷೆ ಕೂಡ ಮಾಡಿದೆ. ರಕ್ತದ ಕೋಶಗಳಿಗೆ ಈ ಕೆಂಪು ಬಣ್ಣ ಕುಡಿಸಿ ಎಷ್ಟು ಹೊತ್ತು ಹಿಡಿದಿಡುತ್ತವೆ ಅಂತ ನೋಡುವುದು, ಸುಸ್ತಾದ ಕೋಶ ಬೇಗ ಸೋರುತ್ತದೆ. ಸ್ವಚ್ಛ ಜಾಗದ ಕೋಶಗಳು ಎರಡು ಗಂಟೆ ಕಳೆದರೂ ಬಣ್ಣವನ್ನು ಕೆಂಪು ಚುಕ್ಕಿಯಾಗಿ ಒಳಗೇ ಹಿಡಿದಿದ್ದವು. ಕೊಳವೆಯವು ಅರ್ಧ ಗಂಟೆ ದಾಟುತ್ತಲೇ ಸೋರತೊಡಗಿ, ಚುಕ್ಕಿ ಕರಗಿ ಕೋಶವೆಲ್ಲ ಗುಲಾಬಿ. ಮೈಕ್ರೋಸ್ಕೋಪಿನ ದೀಪ ನೋಡುವಾಗ ಮಾತ್ರ ಹಾಕಿ, ಅದರ ಬೆಳಕು, ಬಿಸಿಗೇ ಕೋಶ ಸೋರುತ್ತದೆ. ನನ್ನ ಮೊದಲ ಎರಡು ಡಜನ್ ಸ್ಲೈಡ್ ಹಾಳಾಗಿದ್ದು ಹೀಗೇ. ಎರಡೂ ಪರೀಕ್ಷೆ ಜಾಗಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದವು. ಲೋಹದ ರಿಪೋರ್ಟ್‌ಗೆ ಕೊಟ್ಟ ದುಡ್ಡಿನಲ್ಲಿ ಇದನ್ನೆಲ್ಲ ಮೂರು ಸಲ ಮಾಡಬಹುದಿತ್ತು. ಕೊಲ್ಲುತ್ತಿರುವುದು ಯಾವ ವಸ್ತು ಅಂತ ಇದು ಹೇಳುವುದಿಲ್ಲ, ಒಪ್ಪುತ್ತೇನೆ. ಎಲ್ಲಿ ಹುಡುಕಬೇಕು ಅಂತ ಹೇಳುತ್ತದೆ. ಲ್ಯಾಬಿಗೆ ಆಮೇಲೆ ಹೋಗಿ.

ಪಂಜರ ಎತ್ತಿದ ಮೇಲೆ ಟ್ರೇಗೆ ಹಾಕುವ ಮುಂಚಿನ ಒಂದು ರಾತ್ರಿ ಚಿಪ್ಪಿಗಳನ್ನು ಹೇಗೆ ಇಡುತ್ತೇನೆ ಅನ್ನುವುದನ್ನು ಬರೆದಿಲ್ಲ. ಆ ಹಿರಿಯರಿಗೆ ಕಳಿಸಿದ ಶೀಟ್‌ನಲ್ಲೂ ಇಲ್ಲ. ಎರಡು ವರ್ಷ ಕಳೆದುಕೊಂಡು ಕಲಿತದ್ದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಈ ಸಲ ಆರು ಪಂಜರ ಇಳಿಸುತ್ತಿದ್ದೇನೆ. ಬೋಯಾಗಳಿಗೆ ಬಣ್ಣ ಬಳಿದಿಲ್ಲ.