ಚಾಪ್ಟರ್ 7ರಲ್ಲಿ ನನ್ನ ಯಾವ ಸಾಲ ಹೋಯಿತು, ಯಾವುದು ಉಳಿಯಿತು

ಅಮೆರಿಕದ ದಿವಾಳಿ ಕಾನೂನಿನ ಚಾಪ್ಟರ್ 7 ಅನ್ನುವ ಭಾಗದಡಿ ಅರ್ಜಿ ಹಾಕಿದರೆ ಸಾಲವೆಲ್ಲ ಒಂದೇ ಏಟಿಗೆ ಮಾಫಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಕೊನೆಗೆ ಕೋರ್ಟು ಕೊಡುವ, ಸಾಲದ ಹೊಣೆ ಬಿಡಿಸುವ ಡಿಸ್ಚಾರ್ಜ್ ಆರ್ಡರಿನಲ್ಲೂ ಇಂಥಿಂಥ ಸಾಲ ಹೋಯಿತು ಅಂತ ಪಟ್ಟಿ ಇರುವುದಿಲ್ಲ. ಅದಕ್ಕೇ ಅರ್ಜಿಗೆ ಮೊದಲೇ ವಕೀಲರ ಜೊತೆ ಕೂತು ಒಂದೊಂದು ಸಾಲವನ್ನೂ ಬೇರೆ ಮಾಡಿಕೊಂಡೆ.

ಆಸ್ಪತ್ರೆ ಬಿಲ್ಲು, ಕ್ರೆಡಿಟ್ ಕಾರ್ಡು, ಪರ್ಸನಲ್ ಲೋನು ಸಲೀಸಾಗಿ ಹೋದವು. ಕಾರ್ಡಿನಲ್ಲಿ ಮಾತ್ರ ಒಂದು ಎಚ್ಚರ ಬೇಕು. ಅರ್ಜಿಗೆ ಹಿಂದಿನ 90 ದಿನದಲ್ಲಿ ದೊಡ್ಡ ಮೊತ್ತದ ಶೋಕಿ ಸಾಮಾನು ಕೊಂಡಿದ್ದರೆ, ಅಥವಾ 70 ದಿನದಲ್ಲಿ ಜಾಸ್ತಿ ಕ್ಯಾಶ್ ತೆಗೆದಿದ್ದರೆ, ತೀರಿಸುವ ಮನಸ್ಸೇ ಇರಲಿಲ್ಲ ಅಂತ ಹಿಡಿಯುತ್ತಾರೆ, ಆ ಸಾಲ ಉಳಿದುಬಿಡಬಹುದು. ಯೋಚನೆ ಬಂದ ದಿನದಿಂದಲೇ ನಾನು ಕಾರ್ಡು ಮುಟ್ಟಲಿಲ್ಲ.

ತಲೆ ತಿಂದಿದ್ದು ಇನ್‌ಕಮ್ ಟ್ಯಾಕ್ಸ್ ಬಾಕಿ. ರಿಟರ್ನ್ ಕೊಡುವ ಗಡುವು ಮುಗಿದು 3 ವರ್ಷ ಆಗಿರಬೇಕು. ಅದನ್ನು ನಿಜಕ್ಕೂ ಸಲ್ಲಿಸಿ 2 ವರ್ಷ ದಾಟಿರಬೇಕು. ಇಲಾಖೆ ತೆರಿಗೆ ನಿಗದಿ ಮಾಡಿ 240 ದಿನ ಕಳೆದಿರಬೇಕು. ಮೂರೂ ಕೂಡಿ ಬಂದರೆ ಮಾತ್ರ ಆ ಬಾಕಿ ಹೋಗುತ್ತದೆ. ಇಲಾಖೆಯಿಂದ ನನ್ನ ತೆರಿಗೆ ದಾಖಲೆಯ ಪ್ರತಿ (ಟ್ರಾನ್ಸ್‌ಕ್ರಿಪ್ಟ್) ತರಿಸಿ ತಾರೀಖು ಹೊಂದಿಸಿ ನೋಡಿದೆವು. ಹಳೆಯ ವರ್ಷದ್ದು ಹೋಯಿತು, ಈಚಿನದ್ದು ಉಳಿಯಿತು. ಜಾಣತನ ಮಾಡಿ ಆ ಈಚಿನ ತೆರಿಗೆಯನ್ನು ಕಾರ್ಡಿನಲ್ಲಿ ಕಟ್ಟಿದ್ದರೆ? ಆಗ ಆ ಕಾರ್ಡಿನ ಸಾಲವೂ ಉಳಿಯುತ್ತಿತ್ತು. ಕಾನೂನು ಬರೆದವರು ಅದನ್ನೂ ಬಿಟ್ಟಿಲ್ಲ ನೋಡಿ!

ಸ್ಟೂಡೆಂಟ್ ಲೋನು ತಾನಾಗಿ ಹೋಗುವುದಿಲ್ಲ. ವಿಪರೀತ ಕಷ್ಟ ಅಂತ ಬೇರೆಯೇ ಕೇಸು ಹಾಕಿ ಸಾಬೀತು ಮಾಡಬೇಕು. ನಾನು ಆ ಗೋಜಿಗೆ ಹೋಗಲಿಲ್ಲ. ಮಕ್ಕಳ ಜೀವನಾಂಶ, ಕುಡಿದು ಗಾಡಿ ಓಡಿಸಿ ಯಾರಿಗಾದರೂ ಗಾಯ ಮಾಡಿದ ಪರಿಹಾರ, ಇವನ್ನು ಮಾಫಿ ಮಾಡುವ ಮಾತೇ ಇಲ್ಲ. ಅದು ಸರಿಯೇ ಅಲ್ವಾ?

ಕಾರಿನದ್ದು ಬೇರೆ ಕಥೆ. ಸಾಲದ ಹೊಣೆ ಹೋದರೂ ಕಾರಿನ ಮೇಲಿನ ಅಡಮಾನ ಹೋಗುವುದಿಲ್ಲ. ಕಂತು ನಿಲ್ಲಿಸಿದರೆ ಗಾಡಿ ಎತ್ತಿಕೊಂಡು ಹೋಗುತ್ತಾರೆ. ನನಗೆ ಕೆಲಸಕ್ಕೆ ಕಾರು ಬೇಕೇ ಬೇಕಿತ್ತು. ಹಾಗಾಗಿ ಈ ಸಾಲ ನಾನೇ ತೀರಿಸುತ್ತೇನೆ ಅಂತ ಒಪ್ಪುವ ರೀಅಫರ್ಮೇಶನ್ ಪತ್ರಕ್ಕೆ ಸಹಿ ಹಾಕಿ ಆ ಹೊಣೆ ಉಳಿಸಿಕೊಂಡೆ.

ಪರ್ಸನಲ್ ಲೋನಿಗೆ ನನ್ನ ಭಾವ ಜಾಮೀನು ಹಾಕಿದ್ದರು. ನನ್ನ ಹೊಣೆ ಹೋದರೂ ಅವರದ್ದು ಹೋಗುವುದಿಲ್ಲ. ಸಾಲ ಕೊಟ್ಟವರು ನೇರ ಅವರ ಬಾಗಿಲಿಗೇ ಹೋಗಬಹುದು. ಇದನ್ನು ಅರ್ಜಿಗೆ ಮೊದಲೇ ಭಾವನಿಗೆ ಹೇಳಿದೆ. ಹೊಣೆ ಇಲ್ಲದಿದ್ದರೂ ಮನಸ್ಸಿದ್ದರೆ ಕಟ್ಟಬಹುದು, ಕಾನೂನು ಅಡ್ಡ ಬರುವುದಿಲ್ಲ. ಆ ಒಂದು ಕಂತನ್ನು ಈಗಲೂ ನಾನೇ ಕಟ್ಟುತ್ತಿದ್ದೇನೆ.