ನಮ್ಮ ಶನಿವಾರದ ಸೆಮಿನಾರ್: ಒಂದು ಪ್ರಮೇಯ, ಒಂದು ಬೋರ್ಡು

ಹಾಸನದಲ್ಲಿ ನಾವು ನಡೆಸುವ ಗಣಿತ ಮತ್ತು ಅಲ್ಗಾರಿದಂ ಸೆಮಿನಾರ್ ಶನಿವಾರ ಎರಡೂವರೆಗೆ ಶುರುವಾಗಿ ನಾಲ್ಕಕ್ಕೆ ಮುಗಿಯುತ್ತದೆ. ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಬಸ್ ಹಿಡಿಯುವವರಿರುವುದರಿಂದ ಈ ಗಡುವನ್ನು ಮೀರುವುದಿಲ್ಲ. ಮಾತಿಗೆ 50 ನಿಮಿಷ, ಉಳಿದದ್ದು ಪ್ರಶ್ನೆಗೆ. 2017ರಲ್ಲಿ ಶ್ರವಣಬೆಳಗೊಳದ ಮೂಲಕ ರೈಲು ದಾರಿ ಆದ ಮೇಲೆ ಬೆಂಗಳೂರಿನಿಂದ ಭಾಷಣಕಾರರನ್ನು ಕರೆಯುವುದು ಸುಲಭವಾಗಿದೆ. ಬರುವವರಿಗೆ ನಮ್ಮ ಕೋರಿಕೆ ಇಷ್ಟೇ: ಒಂದೇ ಪ್ರಮೇಯ ಆರಿಸಿ, ಅದರ ಸಾಧನೆಯನ್ನು ಬೋರ್ಡಿನ ಮೇಲೆ ಪೂರ್ತಿ ಮಾಡಿ. ಇಡೀ ಪೇಪರ್ ಹೇಳಹೊರಟರೆ ಪೀಠಿಕೆಯಲ್ಲೇ ಅರ್ಧ ಗಂಟೆ ಹೋಗುತ್ತದೆ, ಕೊನೆಯ ಲೆಮ್ಮಾ (ಸಾಧನೆಗೆ ನೆರವಾಗುವ ಸಣ್ಣ ಪ್ರಮೇಯ) ಬರುವ ಹೊತ್ತಿಗೆ ಕೇಳುವವರ ಪೆನ್ನು ನಿಂತಿರುತ್ತದೆ.

ಅದಕ್ಕಿಂತ ಹೆಚ್ಚು ಶ್ರಮ ಬೇಕಾಗುವುದು ಉದಾಹರಣೆಯ ಆಯ್ಕೆಗೆ. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕಾರ್ಗರ್ 1993ರಲ್ಲಿ ಕೊಟ್ಟ ಮಿನ್-ಕಟ್ ಅಲ್ಗಾರಿದಂ ನೋಡಿ. ಗ್ರಾಫನ್ನು, ಅಂದರೆ ಬಿಂದುಗಳನ್ನು ಗೆರೆಗಳಿಂದ ಜೋಡಿಸಿದ ಚಿತ್ರವನ್ನು, ಎರಡು ಪಾಲು ಮಾಡಲು ಕನಿಷ್ಠ ಎಷ್ಟು ಗೆರೆ ಕತ್ತರಿಸಬೇಕು ಎಂಬುದು ಪ್ರಶ್ನೆ; ಆ ಕನಿಷ್ಠ ಕತ್ತರಿಕೆಯೇ ಮಿನ್-ಕಟ್. ಚೀಟಿ ಎತ್ತಿದಂತೆ ಒಂದು ಗೆರೆ ಆರಿಸಿ ಅದರ ಎರಡು ತುದಿಗಳನ್ನು ಒಂದು ಬಿಂದುವಾಗಿಸುವುದು, ಆ ಬಿಂದುವಿನಿಂದ ಅದಕ್ಕೇ ಮರಳುವ ಗೆರೆಗಳನ್ನು ಬಿಟ್ಟುಬಿಡುವುದು, ಎರಡೇ ಬಿಂದು ಉಳಿಯುವ ತನಕ ಇದನ್ನೇ ಮಾಡುವುದು. ಅವೆರಡರ ನಡುವೆ ಉಳಿದ ಗೆರೆಗಳೇ ಅಲ್ಗಾರಿದಂ ಕೊಡುವ ಕಟ್. 6 ಬಿಂದುಗಳಿದ್ದರೆ ಯಾವುದೇ ಒಂದು ನಿರ್ದಿಷ್ಟ ಮಿನ್-ಕಟ್ ಸಿಗುವ ಸಂಭವ ಕನಿಷ್ಠ 1/15 ಎನ್ನುತ್ತದೆ ಪ್ರಮೇಯ.

ಹೊಸಬರು ಇಲ್ಲಿ ಸಾಮಾನ್ಯವಾಗಿ 6 ಬಿಂದುಗಳ ಚಕ್ರ ಬರೆಯುತ್ತಾರೆ. ಅದು ದಾರಿ ತಪ್ಪಿಸುತ್ತದೆ. ಚಕ್ರದಲ್ಲಿ ಯಾವ ಗೆರೆ ಆರಿಸಿದರೂ ಕೊನೆಗೆ ಉಳಿಯುವುದು 2 ಗೆರೆ, ಮಿನ್-ಕಟ್ ಕೂಡ 2. ಅಲ್ಗಾರಿದಂ ಸೋಲುವುದೇ ಇಲ್ಲ, ಹಾಗಾಗಿ 1/15 ಏಕೆ ಬೇಕಾಯಿತೆಂದು ಯಾರಿಗೂ ತಿಳಿಯುವುದಿಲ್ಲ. (ಅಲ್ಲಿ ಮಿನ್-ಕಟ್‌ಗಳೇ 15, ಒಂದೊಂದಕ್ಕೂ ಸರಿಯಾಗಿ 1/15 ಸಂಭವ. ಇದು ಎರಡನೆಯ ಉದಾಹರಣೆಯಾಗಿ ಬಹಳ ಚೆನ್ನ.) ಮೊದಲಿಗೆ ಎರಡು ತ್ರಿಭುಜ ಬರೆದು ಒಂದು ಗೆರೆಯಿಂದ ಜೋಡಿಸಿ. ಒಟ್ಟು 7 ಗೆರೆ, ಮಿನ್-ಕಟ್ ಆ ಒಂದು ಸೇತುವೆ. ಮೊದಲ ಹೆಜ್ಜೆಯಲ್ಲಿ ಸೇತುವೆ ಉಳಿಯುವ ಸಂಭವ 6/7. ಮುಂದೆ ಸೇತುವೆ ಕೊನೆಯವರೆಗೆ ಉಳಿಯುವ ಲೆಕ್ಕ ಎರಡು ಕವಲಾಗುತ್ತದೆ: ಎರಡನೆಯ ಹೆಜ್ಜೆಯಲ್ಲಿ ಅದೇ ತ್ರಿಭುಜ ಮತ್ತೆ ಕುಗ್ಗುವ ಕವಲಿನ ಪಾಲು 1/6, ಇನ್ನೊಂದು ಕುಗ್ಗುವ ಕವಲಿನ ಪಾಲು 4/15. ಕೂಡಿಸಿ 6/7ರಿಂದ ಗುಣಿಸಿದರೆ 13/35. ಐದು ಸಲ ಓಡಿಸಿದರೆ ಐದೂ ಸೋಲುವ ಸಂಭವ ಸುಮಾರು 0.098ಕ್ಕೆ ಇಳಿಯುತ್ತದೆ. ಮತ್ತೆ ಮತ್ತೆ ಓಡಿಸುವುದೇಕೆಂದು ಬೇರೆ ವಿವರಣೆ ಬೇಕಾಗುವುದಿಲ್ಲ.

ಲೆಕ್ಕ ತಪ್ಪುವುದು ಹೆಚ್ಚಾಗಿ ಒಂದೇ ಕಡೆ. ತ್ರಿಭುಜದ ಒಂದು ಬದಿ ಕುಗ್ಗಿದಾಗ ಉಳಿದೆರಡು ಬದಿಗಳು ಜೋಡಿ ಗೆರೆಗಳಾಗುತ್ತವೆ. ಅವನ್ನು ಒಂದೇ ಎಂದು ಬರೆದರೆ 6 ಇರಬೇಕಾದ ಛೇದ 5 ಆಗುತ್ತದೆ. ಅದಕ್ಕೇ ಪ್ರತಿ ಹೆಜ್ಜೆಗೂ ಹೊಸ ಚಿತ್ರ ಬರೆಯಬೇಕು, ಹಳೆಯದನ್ನು ಒರೆಸಬಾರದು.

ಬೋರ್ಡನ್ನು ಮೂರು ಭಾಗ ಮಾಡುತ್ತೇವೆ. ಎಡಭಾಗದ ಚಿಹ್ನೆಗಳೂ ಪ್ರಮೇಯದ ವಾಕ್ಯವೂ ಕೊನೆಯವರೆಗೆ ಇರುತ್ತವೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ಸೀಮೆಸುಣ್ಣಕ್ಕೆ ತೊಂದರೆಯಿಲ್ಲ. ಪದಗಳು ಇಂಗ್ಲಿಷಿನವು, ವಿವರಣೆ ಕನ್ನಡದಲ್ಲಿ. ಹಾಗಾದರೆ ಹಿಂದಿನ ಬೆಂಚಿನಿಂದಲೂ ಪ್ರಶ್ನೆ ಬರುತ್ತದೆ.

ಪ್ರಶ್ನೆಯ ಮೊದಲ 10 ನಿಮಿಷ ವಿದ್ಯಾರ್ಥಿಗಳಿಗಷ್ಟೇ ಮೀಸಲು, ಅಧ್ಯಾಪಕರು ಸುಮ್ಮನಿರಬೇಕು. ಉತ್ತರ ಸಿಗದ ಪ್ರಶ್ನೆಯನ್ನು ಬಲಮೂಲೆಯಲ್ಲಿ ಬರೆದು ಸುತ್ತ ಚೌಕ ಹಾಕಿ, ನೋಟ್‌ಬುಕ್ಕಿಗೂ ಇಳಿಸುತ್ತೇವೆ. ತ್ರಿಭುಜದ ಜಾಗದಲ್ಲಿ 4 ಬಿಂದುಗಳ ಪೂರ್ಣ ಗ್ರಾಫ್ (ಪ್ರತಿ ಎರಡು ಬಿಂದುಗಳ ನಡುವೆಯೂ ಗೆರೆ ಇರುವಂಥದ್ದು) ಇಟ್ಟರೆ 13/35 ಏರುತ್ತದೆಯೋ ಇಳಿಯುತ್ತದೆಯೋ? ಇಂಥದ್ದಕ್ಕೆ ಮುಂದಿನ ಶನಿವಾರದ ಮೊದಲ ಹತ್ತು ನಿಮಿಷ ಕೊಡುತ್ತೇವೆ.